ಕಂಕುಳಲ್ಲಿ ರೂಲು, ಊರೆಲ್ಲಾ ಹುಡುಕಾಟ

ಕೈ ಎಲ್ಲಿಂದ ಶುರುವಾಗುತ್ತೆ ಅಂತ ಅಂಗನವಾಡಿ ಮಗುನ ಕೇಳಿದ್ರೂ ತೋರಿಸುತ್ತೆ. ಆದ್ರೆ 1886ರಿಂದ ಫುಟ್ಬಾಲ್ ರೂಲ್ಸ್ ಬರೀತಾ ಕೂತಿರೋ ಇಫಾಬ್ ಅನ್ನೋ ಮಂಡಳಿಗೆ ಮಾತ್ರ ಇದು ಇತ್ತೀಚೆಗಷ್ಟೇ ಗೊತ್ತಾಗಿದ್ದು. ಅವರ ಪ್ರಕಾರ ಕಂಕುಳ ತಳ ಎಲ್ಲಿದ್ಯೋ ಆ ಲೆವೆಲ್‌ಗೆ ಒಂದು ಗೆರೆ ಎಳೀಬೇಕು, ಗೆರೆ ಮೇಲೆ ಬಾಲ್ ತಾಗಿದ್ರೆ ಭುಜ, ಕೆಳಗೆ ತಾಗಿದ್ರೆ ಕೈ, ಕೈ ಆದ್ರೆ ಮಾತ್ರ ಹ್ಯಾಂಡ್‌ಬಾಲ್ ತಪ್ಪಿನ ಪ್ರಶ್ನೆ. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ರು ಅಂತ ನಮ್ಮಜ್ಜಿ ಬೈಯೋರು, ಇವ್ರು ಅದಕ್ಕೇ ಒಂದು ಕಮಿಟಿ ಮಾಡಿ, ಕ್ಯಾಮೆರಾ ಹಾಕಿ, ಟಿವಿ ರೂಮಲ್ಲಿ ನಾಲ್ಕು ಜನಾನ ಕೂರ್ಸಿ ಹುಡುಕ್ತಾ ಇದಾರೆ. ಸಿಕ್ತಾ? ಇಲ್ಲ.

2024ರ ಯೂರೋ, ಅಂದ್ರೆ ಯುರೋಪಿನ ದೇಶಗಳ ಫುಟ್ಬಾಲ್ ಕಪ್, ನೆನಪಿದ್ಯಲ್ಲ. ಜೂನ್ 29, ಡಾರ್ಟ್ಮುಂಡ್, ಜರ್ಮನಿ-ಡೆನ್ಮಾರ್ಕ್ ಮ್ಯಾಚು. ಡೆನ್ಮಾರ್ಕಿನ ಆಂಡರ್ಸನ್ ಪಾಪ ಡಿಫೆಂಡರ್ ಆಗಿದ್ರೂ ಒಂದು ಗೋಲ್ ಹೊಡೆದು ಕುಣಿದಾಡ್ಬಿಟ್ಟ, ಇಲ್ಲಪ್ಪಾ ನಿಮ್ಮ ಡೆಲೇನಿ ಕಾಲ್ಬೆರಳು ಆಫ್‌ಸೈಡ್ ಇತ್ತು ಅಂತ ವಿಎಆರ್ (ಅದೇ ಟಿವಿ ರೂಮಲ್ಲಿ ರಿಪ್ಲೇ ನೋಡೋ ರೆಫರಿಗಳು) ಅದನ್ನ ಕಿತ್ಕೊಳ್ತು, ಆ ದುಃಖ ಇನ್ನೂ ಇಳಿದಿರಲಿಲ್ಲ, ಈ ಕಡೆ ಜರ್ಮನಿಯ ರೌಮ್ ಹೊಡೆದ ಕ್ರಾಸು ಬಂದು ಅದೇ ಆಂಡರ್ಸನ್ ಕೈ ಸವರ್ಕೊಂಡು ಹೋಯ್ತು. ಬಾಲ್ ಒಳಗೆ ಒಂದು ಸೆನ್ಸರ್ ಇತ್ತು, ಸೆಕೆಂಡಿಗೆ 500 ಸಲ ಲೆಕ್ಕ ಕೊಡೋದು. ಟಿವಿ ಮೇಲೆ ಇಸಿಜಿ ಥರ ಗೆರೆ ಬಂತು, ಕ್ರಿಕೆಟ್ಟಲ್ಲಿ ಎಡ್ಜ್ ಆಯ್ತಾ ಅಂತ ಸ್ನಿಕೋ ನೋಡ್ತೀವಲ್ಲ ಸೇಮ್ ಹಾಗೇ, ಗೆರೆ ಟಕ್ ಅಂತ ಮೇಲಕ್ಕೆ ಹಾರ್ತು, ಪೆನಾಲ್ಟಿ ಅಂದ್ರು, ಹಾವರ್ಟ್ಸ್ ಒಳಗೆ ಹಾಕ್ದ, ಡೆನ್ಮಾರ್ಕ್ ಮನೆಗೆ ಹೋಯ್ತು. ಓಡ್ತಿರೋ ಮನುಷ್ಯನ ಕೈ ಓಡ್ತಿರೋ ಮನುಷ್ಯನ ಕೈ ಥರಾನೇ ಇತ್ತು ಅನ್ನೋದನ್ನ ಆ ಸೆನ್ಸರ್ ಹೇಳಲ್ಲ, ಅದಕ್ಕೆ ಬರೀ ತಾಗಿದ್ದು ಗೊತ್ತು.

ಆಯ್ತು, ತಾಗಿದ್ರೆ ಪೆನಾಲ್ಟಿ, ರೂಲ್ ಅರ್ಥ ಆಯ್ತು ಅಂತ ಎಲ್ರೂ ನಿಟ್ಟುಸಿರು ಬಿಟ್ರೆ, ಸರಿಯಾಗಿ ಆರು ದಿನಕ್ಕೆ ಸ್ಟುಟ್‌ಗಾರ್ಟಲ್ಲಿ ಅದೇ ಜರ್ಮನಿ, ಎದುರಿಗೆ ಸ್ಪೇನು, ಎಕ್ಸ್‌ಟ್ರಾ ಟೈಮು, 1-1. ಮುಸಿಯಾಲ ಗೋಲ್ ಕಡೆಗೆ ಬಾರಿಸಿದ ಬಾಲ್ ಸ್ಪೇನಿನ ಕುಕುರೆಯಾ ಕೈಗೆ ಬಡೀತು. ಸವರಿದ್ದಲ್ಲ ಸ್ವಾಮಿ, ಬಡೀತು. ಇದಕ್ಕೆ ಸೆನ್ಸರ್ ಏನೂ ಬೇಕಿರಲಿಲ್ಲ, ಸ್ಟೇಡಿಯಂ ಹೊರಗೆ ಕಡ್ಲೇಕಾಯಿ ಮಾರೋನಿಗೂ ಗೊತ್ತಾಗಿರುತ್ತೆ. ರೆಫರಿ ಆಂಟನಿ ಟೇಲರ್ ಆಟ ಮುಂದುವರಿಸಿ ಅಂದ್ರು. ಯಾಕಂದ್ರೆ ಕೈ ಕೆಳಗೆ ಇಳಿಬಿಟ್ಟಿತ್ತಂತೆ, ಮೈ ಪಕ್ಕದಲ್ಲೇ ಇತ್ತಂತೆ, ಹಾಗಿದ್ರೆ ಮಾಫಿ. 119ನೇ ನಿಮಿಷದಲ್ಲಿ ಮೆರಿನೋ ಹೆಡ್ ಮಾಡ್ದ, ಆತಿಥೇಯರು ಔಟು.

ಇದರ ಕ್ಲೈಮ್ಯಾಕ್ಸ್ ಕೇಳಿ. ಜುಲೈ 14ಕ್ಕೆ ಫೈನಲ್ ಆಯ್ತು, ಬರ್ಲಿನ್‌ನಲ್ಲಿ ಕುಕುರೆಯಾ ಬಾಲ್ ಮುಟ್ಟಿದಾಗೆಲ್ಲಾ ಜನ ಬೂ ಅಂದ್ರು, ಅವನು ಒಂದು ಕ್ರಾಸ್ ಹಾಕ್ದ (ಕಾಲಲ್ಲೇ), ಒಯಾರ್ಸಬಾಲ್ ಗೋಲ್ ಹೊಡ್ದ, ಸ್ಪೇನ್ ಕಪ್ ಎತ್ಕೊಂಡು ಹೋಯ್ತು, ಮೆರವಣಿಗೆ ಮುಗೀತು, ಕ್ಲಬ್ ಸೀಸನ್ ಶುರುವಾಯ್ತು, ಎಲ್ಲಾ ಆದ್ಮೇಲೆ ಸೆಪ್ಟೆಂಬರಲ್ಲಿ ಯೂರೋ ನಡೆಸೋ ಯುಯೆಫಾದ ರೆಫರಿ ಕಮಿಟಿಯೋರು ರಿಪೋರ್ಟ್ ಕೊಟ್ರು, ಅದು ಪೆನಾಲ್ಟಿ ಕೊಡ್ಬೇಕಿತ್ತು ಅಂತ. ಸೆಪ್ಟೆಂಬರಲ್ಲಿ! ತಾತ ಹೋಗಿ ವರ್ಷಾಬ್ದಿ ಮುಗಿದ್ಮೇಲೆ ಖಾತೆ ಬದಲಾವಣೆ ಮಂಜೂರಾಗಿದೆ ಅಂತ ಲೆಟರ್ ಬರುತ್ತಲ್ಲ, ಆ ಸುಖ ಜರ್ಮನಿಯವರಿಗೂ ಸಿಗ್ಲಿ ಬಿಡಿ.

ಹಾಗಾದ್ರೆ ಡಿಫೆಂಡರ್ ಕೈನ ಎಲ್ಲಿ ಇಟ್ಕೋಬೇಕು? ನಾನು ತುಂಬಾ ಯೋಚನೆ ಮಾಡಿದೀನಿ. ಹೆಡ್‌ಮಾಸ್ಟರ್ ಮುಂದೆ ನಿಂತ ಹಾಗೆ ಹಿಂದೆ ಕಟ್ಕೊಂಡ್ರೆ ಓಡಕ್ಕಾಗಲ್ಲ, ಮುಗ್ಗರಿಸಿ ಬಿದ್ರೆ ಮೂಗೇ ಮೊದಲು ನೆಲಕ್ಕೆ. ಗಣಪತಿ ಮುಂದೆ ಬಸ್ಕಿ ಹೊಡೆಯೋ ಹಾಗೆ ಕಿವಿ ಹಿಡ್ಕೊಂಡ್ರೆ ಮೊಣಕೈ ಆಚೆ ಬರುತ್ತೆ, ಆಗ ದೇಹವನ್ನ ಅಸಹಜವಾಗಿ ದೊಡ್ಡದು ಮಾಡ್ಕೊಂಡ ಅಂತ 12ನೇ ಕಾನೂನಿನ ಪ್ರಕಾರ ಹಿಡಿದು ಹಾಕ್ತಾರೆ. ನನಗೆ ಗೊತ್ತಿರೋ ಹಾಗೆ ಈ ಕಾನೂನು ಪಾಲಿಸಿಕೊಂಡು ನಿಂತಿರೋದು ಶ್ರವಣಬೆಳಗೊಳದ ಗೊಮ್ಮಟೇಶ್ವರ ಒಬ್ನೇ. ಸಾವಿರ ವರ್ಷದ ಮೇಲಾಯ್ತು, ಕೈ ಇಳಿಬಿಟ್ಕೊಂಡಿದಾನೆ, ಬಳ್ಳಿ ಹಬ್ಬಿದ್ರೂ ಅಲ್ಲಾಡಿಸಿಲ್ಲ. ಆದ್ರೂ ಗ್ಯಾರಂಟಿ ಹೇಳ್ತೀನಿ, ಬಾಹುಬಲಿ ಅಂತ ಹೆಸರು ನೋಡಿದ ತಕ್ಷಣ ವಿಎಆರ್‌ನೋರು ಒಂದ್ಸಲ ಚೆಕ್ ಮಾಡೇ ಮಾಡ್ತಾರೆ.

2020ರ ಸೆಪ್ಟೆಂಬರಲ್ಲಿ ಇಂಗ್ಲೆಂಡಿನ ಟಾಟನ್ಹ್ಯಾಮ್-ನ್ಯೂಕಾಸಲ್ ಮ್ಯಾಚಲ್ಲಿ ಇನ್ನೂ ಮಜಾ. ಟಾಟನ್ಹ್ಯಾಮ್‌ನ ಎರಿಕ್ ಡಯರ್ ಬೆನ್ನು ತಿರುಗಿಸ್ಕೊಂಡು ಗಾಳೀಲಿ ಹಾರಿದಾನೆ, ಹಿಂದಿಂದ ಆಂಡಿ ಕ್ಯಾರಲ್ ಹೆಡ್ ಮಾಡಿದ ಬಾಲ್ ಬಂದು ಇವನ ಕೈಗೆ ಬಿತ್ತು. ಬೆನ್ನಲ್ಲಿ ಕಣ್ಣಿಲ್ಲದೇ ಇದ್ದಿದ್ದೇ ತಪ್ಪು, ಕೊನೇ ಗಳಿಗೇಲಿ ಪೆನಾಲ್ಟಿ, ಗೋಲು, 1-1. ಆಮೇಲೆ ಆ ಪೆನಾಲ್ಟಿಯಿಂದ ಒಂದು ಪಾಯಿಂಟ್ ಗಿಟ್ಟಿಸಿದ ನ್ಯೂಕಾಸಲ್ ಮ್ಯಾನೇಜರ್ ಸ್ಟೀವ್ ಬ್ರೂಸ್ ಅವ್ರೇ ಈ ರೂಲು ಶುದ್ಧ ಅಸಂಬದ್ಧ ಅಂತ ಬೈದ್ರು. ಲಾಟರಿ ಹೊಡೆದವನೇ ಲಾಟರಿ ಮೋಸ ಅಂತ ಕೂಗೋ ಆಟ ಇನ್ನೆಲ್ಲಾದ್ರೂ ಇದ್ರೆ ಹೇಳಿ.

ಮೊದ್ಲು ಹೀಗಿರ್ಲಿಲ್ಲ, ಮೊದ್ಲು ಕೈಚಳಕಕ್ಕೆ ಒಂದು ಬೆಲೆ ಇತ್ತು, ಅದೂ ಪೌಂಡಲ್ಲಿ. 1986ರ ವರ್ಲ್ಡ್‌ಕಪ್ಪಲ್ಲಿ ಮರಡೋನಾ ಕೈಯಲ್ಲೇ ಗೋಲ್ ಹಾಕ್ದ, ಟ್ಯುನೀಷಿಯಾದ ರೆಫರಿ ಅಲಿ ಬಿನ್ ನಾಸೆರ್‌ಗೆ ಕಾಣ್ಲಿಲ್ಲ, ಆದ್ರೆ ಬಾಲ್ ಮಾತ್ರ ಜೋಪಾನ ಮಾಡಿ ಇಟ್ಕೊಂಡಿದ್ರು, 2022ರಲ್ಲಿ ಹರಾಜು ಹಾಕಿದ್ರೆ 20 ಲಕ್ಷ ಪೌಂಡ್ ಬಂತು. ನೋಡಿದ್ದಿದ್ರೆ ಫ್ರೀ ಕಿಕ್ ಕೊಟ್ಟು ಖಾಲಿ ಕೈಯಲ್ಲಿ ಮನೆಗೆ ಹೋಗ್ಬೇಕಿತ್ತು. 2009ರಲ್ಲಿ ವರ್ಲ್ಡ್‌ಕಪ್ ಅರ್ಹತೆಯ ಮ್ಯಾಚಲ್ಲಿ ಫ್ರಾನ್ಸಿನ ಆನ್ರಿ ಕೈಯಲ್ಲಿ ಬಾಲ್ ನಿಲ್ಲಿಸಿ ಗಲಾಸ್ ಕೈಲಿ ಗೋಲ್ ಹಾಕಿಸಿದಾಗ, ಸೋತ ಐರ್ಲೆಂಡ್‌ನೋರು ನಮ್ಮನ್ನೂ ವರ್ಲ್ಡ್‌ಕಪ್ಪಿಗೆ 33ನೇ ಟೀಮಾಗಿ ಸೇರಿಸ್ಕೊಳ್ಳಿ ಅಂದ್ರು, ಫಿಫಾ ಅದಾಗಲ್ಲ ಅಂತ ಸದ್ದಿಲ್ದೆ 50 ಲಕ್ಷ ಯೂರೋ ಕೊಟ್ಟು ಕೈ ತೊಳ್ಕೊಳ್ತು. ಆ ವಿಷಯ ಆಚೆ ಬಂದಿದ್ದು 2015ಕ್ಕೆ.

ನಮ್ಮ ಇಂಡಿಯನ್ ಸೂಪರ್ ಲೀಗ್ ಐಎಸ್‌ಎಲ್‌ನಲ್ಲಿ ವಿಎಆರ್ ಗೋಳೇ ಇಲ್ಲ, ಯಾಕಂದ್ರೆ ವಿಎಆರ್ರೇ ಇಲ್ಲ. 2025ರ ಏಪ್ರಿಲ್ 12ಕ್ಕೆ ಕೋಲ್ಕತ್ತಾದಲ್ಲಿ ಫೈನಲ್ಲು, ನಮ್ಮ ಬೆಂಗಳೂರು ಎಫ್‌ಸಿ ಮೋಹನ್ ಬಗಾನ್ ಮೇಲೆ 1-0 ಮುಂದಿತ್ತು, 72ನೇ ನಿಮಿಷದಲ್ಲಿ ನಮ್ಮ ಚಿಂಗ್ಲೆನ್ಸಾನ ಕೈಗೆ ಬಾಲ್ ತಾಗ್ತು, ಪೆನಾಲ್ಟಿ, ಸಮ. ಎಕ್ಸ್‌ಟ್ರಾ ಟೈಮಲ್ಲಿ ಇನ್ನೊಂದು ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆವತ್ತು ರಾತ್ರಿ ನಾನು ರೂಮಲ್ಲಿ ಒಂದು ಗಂಟೆ ಭಾಷಣ ಮಾಡ್ದೆ, ಬಾಲೇ ಬಂದು ಕೈಗೆ ಹೊಡೆದಿದ್ದು, ಕೈ ಹೋಗಿ ಬಾಲ್‌ಗೆ ಹೊಡೆದಿದ್ದಲ್ಲ, ಕೈ ಇರೋ ಜಾಗದಲ್ಲೇ ಇತ್ತು, ಅಷ್ಟಕ್ಕೂ ಅದು ಕೈನೇ ಅಲ್ಲ, ಕಂಕುಳ ಗೆರೆ ಎಳೆದು ನೋಡ್ರೋ ಅಂತ. ರೂಮ್‌ಮೇಟು ಕೇರಳದವನು, ಬ್ಲಾಸ್ಟರ್ಸ್ ಫ್ಯಾನು, ಸುಮ್ನೆ ಕೇಳಿಸ್ಕೊಂಡು ಕೂತಿದ್ದ. 2023ರಲ್ಲಿ ಕಂಠೀರವದಲ್ಲಿ ಅವನ ಟೀಮು ರೆಡಿಯಾಗೋ ಮೊದಲೇ ನಮ್ಮ ಛೆಟ್ರಿ ಹೊಡೆದ ಫ್ರೀ ಕಿಕ್ಕನ್ನ ರೆಫರಿ ಗೋಲ್ ಅಂದಿದ್ದಕ್ಕೆ ಅವರು ಮೈದಾನ ಬಿಟ್ಟು ಹೊರನಡೆದಾಗ, ರೆಫರಿ ಹೇಳಿದ್ಮೇಲೆ ಮುಗೀತು, ರೆಫರಿ ಮಾತಿಗೆ ಬೆಲೆ ಕೊಡೋದು ಕಲೀರೋ ಅಂತ ಇದೇ ರೂಮಲ್ಲಿ ಒಂದು ಗಂಟೆ ಭಾಷಣ ಮಾಡಿದ್ದೂ ನಾನೇ.

ಅವನು ಏನೂ ಅನ್ಲಿಲ್ಲ. ಎದ್ದು ಬಂದು ನನ್ನ ಕೈ ಮೇಲಕ್ಕೆತ್ತಿ, ಕಂಕುಳ ಒಂದ್ಸಲ ಬಗ್ಗಿ ನೋಡಿ, ಸ್ನಾನ ಮಾಡು ಹೋಗು ಅಂದ.