ಮೀನಿಗೆ 96 ಗಂಟೆ, ಬಾಟಲಿಗೆ ಮೂರು ವರ್ಷ

ಪುಣೆಯಲ್ಲಿ ಹೊಟ್ಟೆ ಕರಗಿಸೋಕೆ ಜನ ನಸುಕಿನಲ್ಲೇ ಎದ್ದು ಗುಡ್ಡ ಹತ್ತುತ್ತಾರೆ. ಜಿಮ್ಮಿಗೆ ವರ್ಷದ ಫೀಸು ಕಟ್ಟಿ ಎರಡು ವಾರ ಹೋಗುತ್ತಾರೆ. ಮೀನಿಗೆ ಈ ರಗಳೆಯೇ ಇಲ್ಲ. ನೀರಿಗೆ ಒಂಚೂರು ಕೀಟನಾಶಕ ಬಿದ್ದರೆ ಸಾಕು, ಮೈಯ ಕೊಬ್ಬು ಕೂತಲ್ಲೇ ಕರಗುತ್ತದೆ.

ತಮಾಷೆ ಅಲ್ಲ. ರೋಹು, ಕಾಟ್ಲಾ, ಗೆಂಡೆ ಮೀನುಗಳನ್ನು ತೊಟ್ಟಿಯಲ್ಲಿ ಬಿಟ್ಟು, ಸಾಯದಷ್ಟೇ ವಿಷ ಹಾಕಿ, ನಮ್ಮ ಕಾಲೇಜುಗಳು ದಶಕಗಳಿಂದ ಇದನ್ನು ಅಳೆಯುತ್ತಿವೆ. ವಿಷ ತಾಳಿಕೊಳ್ಳೋಕೆ ಮೀನಿಗೆ ಶಕ್ತಿ ಬೇಕು. ಕೂಡಿಟ್ಟ ಕೊಬ್ಬನ್ನು ಉರಿಸುತ್ತದೆ. ಲಿವರಿನಲ್ಲೂ ಮಾಂಸದಲ್ಲೂ ಕೊಬ್ಬು ಇಳಿಯುತ್ತದೆ. ಕೆಲವು ವಿಷಗಳದ್ದು ಉಲ್ಟಾ ಕಥೆ. ಲಿವರಿನಿಂದ ಕೊಬ್ಬು ಹೊರಗೆ ಸಾಗದೆ ಅಲ್ಲೇ ಗುಡ್ಡೆ ಬೀಳುತ್ತದೆ. ಒಂದು ಹನಿ ಕುಡಿಯದೆ ಫ್ಯಾಟಿ ಲಿವರ್! ಮೊಟ್ಟೆಗೆ ತುಂಬಬೇಕಾದ ಕೊಬ್ಬೂ ಆ ಲಿವರಿನ ಮೂಲಕವೇ ಹೋಗಬೇಕು ಅನ್ನೋದು ಪಾಪ, ಮೀನಿನ ಮನೆ ವಿಷಯ.

ಆದರೆ ಎಲ್ಲರಿಗೂ ಬೇಕಾದ ಅಂಕಿ ಬೇರೆ: 96 ಗಂಟೆಯಲ್ಲಿ ಅರ್ಧದಷ್ಟು ಮೀನು ಸಾಯೋಕೆ ಎಷ್ಟು ವಿಷ ಬೇಕು? ಉಳಿದರ್ಧ 97ನೇ ಗಂಟೆಗೆ ಹೇಗಿವೆ ಅಂದರೆ ಅದು ಇನ್ನೊಂದು ಥೀಸಿಸ್. ಅದರ ಕೊನೆಗೂ ಕೀಟನಾಶಕವನ್ನು ವಿವೇಚನೆಯಿಂದ ಬಳಸಬೇಕು ಅಂತ ರೈತರಿಗೆ ಬುದ್ಧಿಮಾತು ಇದ್ದೇ ಇರುತ್ತದೆ. ಥೀಸಿಸ್ ಲೈಬ್ರರಿಯಲ್ಲಿ, ರೈತ ಹೊಲದಲ್ಲಿ. ಇಬ್ಬರ ಭೇಟಿ ಇನ್ನೂ ಆಗಿಲ್ಲ.

ಮೊನ್ನೆ ಹಡಪ್ಸರದ ಮೀನಂಗಡಿಯಲ್ಲಿ ಪಕ್ಕದ ಮನೆಯ ಕಲಬುರಗಿ ವೈನಿ ಕಾಟ್ಲಾ ತೂಗಿಸುತ್ತಿದ್ದರು. ಅಂಗಡಿ ಹುಡುಗ ಸೊಲ್ಲಾಪುರದವನು, ಕನ್ನಡ ಬರುತ್ತದೆ. ಹೊಟ್ಟೆ ಸೀಳಿದ. ಕರುಳಿಗೆ ಹಳದಿ ಚರ್ಬಿ ಮೆತ್ತಿಕೊಂಡಿತ್ತು.

"ಚರ್ಬಿ ತಗದ ಕೊಡೋ ತಮ್ಮಾ, ಡಾಕ್ಟರ್ ಬ್ಯಾಡ ಅಂದಾರ."

"ಉಜನಿ ಡ್ಯಾಮಿನ ಮಾಲ್ ಐತ್ರೀ ಅಕ್ಕಾ, ಒಂದ್ ನಂಬರ್!"

ನಾನು ಮೆಲ್ಲಗೆ, "ನಮ್ಮ ಪುಣೆಯ ಮುಳಾ-ಮುಠಾ ಹೊಳೆಯ ನೀರು ಉಜನಿಗೇ ಹೋಗೋದು ಅಲ್ವಾ ವೈನಿ?" ಅಂದೆ.

"ಅದಕ್ಕ ರೀ, ಮಸಾಲಿ ಜಾಸ್ತಿ ಹಾಕ್ತೀನಿ."

ಡಿಡಿಟಿ, ಎಂಡೋಸಲ್ಫಾನ್ ಥರದ ವಿಷಗಳು ಹೋಗಿ ಕೂರುವುದು ಕೊಬ್ಬಿನಲ್ಲೇ. ಹಾಗಾಗಿ ಚರ್ಬಿ ತೆಗೆಸಿದ ವೈನಿಯ ಆಹಾರ ಸುರಕ್ಷತಾ ಕ್ರಮ ಸರ್ಕಾರದ್ದಕ್ಕಿಂತ ಮುಂದಿದೆ ಅಂತಲೇ ನನ್ನ ಅಭಿಪ್ರಾಯ. ಸರ್ಕಾರಕ್ಕೆ ಹಂಚಿಕೊಳ್ಳುವುದೇ ದೊಡ್ಡ ಕೆಲಸ. ಹೊಲದಲ್ಲಿದ್ದಾಗ ವಿಷ ಕೃಷಿ ಇಲಾಖೆಯದು. ಹೊಳೆಗೆ ಇಳಿದರೆ ಮಾಲಿನ್ಯ ಮಂಡಳಿಯದು. ಮೀನಿನೊಳಗೆ ಹೊಕ್ಕರೆ ಮೀನುಗಾರಿಕೆಯವರದು. ತಟ್ಟೆಗೆ ಬಂದರೆ ಮತ್ತೊಬ್ಬರದು. ಹೊಟ್ಟೆಗೆ ಹೋದ ಮೇಲೆ ನಮ್ಮದೇ.

2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 27 ಕೃಷಿ ವಿಷಗಳನ್ನು ನಿಷೇಧಿಸುವ ಕರಡು ಹೊರಡಿಸಿತು. ಆಕ್ಷೇಪಣೆಗೆ ಮೊದಲು 45 ದಿನ ಕೊಟ್ಟರು. ಕಂಪನಿಗಳಿಗೆ ಸಾಲದು ಅಂತ 90 ಮಾಡಿದರು. 2023ರಲ್ಲಿ ಡೈಕೋಫಾಲ್, ಡೈನೋಕ್ಯಾಪ್, ಮೆಥೋಮಿಲ್ ಹೋದವು. ಮೊನೊಕ್ರೊಟೊಫಾಸಿನ ಒಂದು ದ್ರಾವಣವೂ ಹೋಯಿತು. ಮೆಲಾಥಿಯಾನ್, ಕ್ಲೋರ್‌ಪೈರಿಫಾಸ್ ನಿಷೇಧ ತಪ್ಪಿಸಿಕೊಂಡು ಪಾಸಾದವು. ವಿಷದ ಬಾಟಲಿಯ ಅಹವಾಲು ಕೇಳೋಕೆ ಮೂರು ವರ್ಷ, ಮೀನಿಗೆ ನಾಲ್ಕೇ ದಿನ. ಮೀನುಗಳ ಕಡೆಯಿಂದ ಆಕ್ಷೇಪಣೆ ಬಂದಿರಲಿಲ್ಲ ಅಂತ ಕಾಣುತ್ತೆ.

ಉಜನಿ ದಾಟಿದ ಭೀಮೆ ಮುಂದೆ ಕರ್ನಾಟಕಕ್ಕೆ ಬರುತ್ತದೆ. ಮೀನೂ ಬರುತ್ತದೆ. ಅಲ್ಲಿಂದ ಅದರ ಫೈಲು ಬೇರೆ ರಾಜ್ಯದ್ದು. ಬೇರೆ ನಂಬರು, ಬೇರೆ ಗುಮಾಸ್ತ, ಮತ್ತೆ ಮೊದಲಿನಿಂದ.