ಕಾಲಿನ ರಕ್ತನಾಳ: ಸ್ಕ್ಯಾನ್‌ಗಿಂತ ಮೊದಲು ಬಿಪಿ ಪಟ್ಟಿ

ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡು ನಿಮಿಷ ನಿಂತರೆ ಬಿಡುತ್ತದೆ. ಮತ್ತೆ ನಡೆದರೆ ಹೆಚ್ಚುಕಮ್ಮಿ ಅಷ್ಟೇ ದೂರಕ್ಕೆ ಮತ್ತೆ ಹಿಡಿಯುತ್ತದೆ. ಇದನ್ನು ವಯಸ್ಸಿನ ಲೆಕ್ಕಕ್ಕೋ ನರದ ಲೆಕ್ಕಕ್ಕೋ ಬರೆದು ಸುಮ್ಮನಾಗುವವರೇ ಜಾಸ್ತಿ. ಬೆನ್ನುಮೂಳೆಯಲ್ಲಿ ನರ ಒತ್ತಿಕೊಂಡು ಬರುವ ನೋವಿಗೆ ಸಾಮಾನ್ಯವಾಗಿ ನಿಂತರೆ ಸಾಲದು, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು. ನಿಂತ ಮಾತ್ರಕ್ಕೇ ಹೋಗುವ ನೋವಾದರೆ ಮೊದಲು ಕಾಲಿಗೆ ರಕ್ತ ತರುವ ನಾಳ, ಅಂದರೆ ಅಪಧಮನಿ, ಕಟ್ಟಿಕೊಂಡಿದೆಯೇ ಎಂದು ಅನುಮಾನಿಸಿ.

ಅನುಮಾನ ಬಂದ ಕೂಡಲೇ ಸಿಟಿ ಆಂಜಿಯೋ (ರಕ್ತನಾಳದ ಸ್ಕ್ಯಾನ್) ಬರೆದುಕೊಡುವುದು ನನಗೆ ಒಪ್ಪಿಗೆಯಿಲ್ಲ. ಮೊದಲು ಬೇಕಾದ್ದು ಎಬಿಐ, ಅಂದರೆ ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದ ಸಂಖ್ಯೆ. ಇಷ್ಟು ಸರಳವಾದದ್ದನ್ನೂ ಕೆಡಿಸಲು ಹತ್ತು ದಾರಿಗಳಿವೆ. ರೋಗಿ 5ರಿಂದ 10 ನಿಮಿಷ ಅಂಗಾತ ಮಲಗಿರಬೇಕು. ಕೂರಿಸಿ ಅಳೆದರೆ ಹೃದಯಕ್ಕಿಂತ ಕಾಲು ಕೆಳಗಿರುವ ಪ್ರತಿ ಸೆಂಟಿಮೀಟರಿಗೂ ಸುಮಾರು 0.77 ಮಿಮೀ ಪಾದರಸದಷ್ಟು ಒತ್ತಡ ಸುಳ್ಳಾಗಿ ಸೇರಿಕೊಳ್ಳುತ್ತದೆ, ಕೆಟ್ಟ ಕಾಲೂ ಚೆನ್ನಾಗಿ ಕಾಣುತ್ತದೆ. ಪಟ್ಟಿಯ ಅಗಲ ಕಾಲಿನ ಸುತ್ತಳತೆಯ ಶೇ. 40ರಷ್ಟಾದರೂ ಇರಲಿ. ಜೆಲ್ ಹಚ್ಚಿ, ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್ ಕಡ್ಡಿಯನ್ನು ಓರೆಯಾಗಿ ಹಿಡಿದು, ಪಟ್ಟಿ ಉಬ್ಬಿಸಿ, ಸದ್ದು ನಿಂತ ಮೇಲೆ ಇನ್ನೂ 20 ಏರಿಸಿ, ನಿಧಾನಕ್ಕೆ ಇಳಿಸಿ, ಸದ್ದು ಮತ್ತೆ ಕೇಳಿದ ಅಂಕಿ ಬರೆದುಕೊಳ್ಳಬೇಕು. ಪಾದದ ಮೇಲಿನ ನಾಳ, ಒಳಗಂಟಿನ ಹಿಂದಿನ ನಾಳ, ಎರಡೂ ಕಾಲು, ಎರಡೂ ತೋಳು. ಒಂದೇ ತೋಳು ಸಾಕೆಂದರೆ ಆ ತೋಳಿನ ನಾಳವೇ ಕಟ್ಟಿರಬಹುದು. ಮನೆಯ ಬಿಪಿ ಯಂತ್ರವನ್ನು ಕಣಕಾಲಿಗೆ ಸುತ್ತುವ ಉಪಾಯವೂ ನಂಬಿಕೆಗೆ ಅರ್ಹವಲ್ಲ, ಒತ್ತಡ ತೀರಾ ಕಡಿಮೆಯಿದ್ದಾಗಲೇ ಅದು ತಪ್ಪುವುದು.

ಭಾಗಾಕಾರದಲ್ಲೂ ತಕರಾರಿದೆ. ತೋಳು 130, ಪಾದದ ಮೇಲಿನ ನಾಳ 122, ಹಿಂದಿನದು 104 ಅಂತಿಟ್ಟುಕೊಳ್ಳಿ. ಕಣಕಾಲಿನ ದೊಡ್ಡ ಅಂಕಿ ಹಿಡಿದರೆ 0.94, ಚಿಕ್ಕದನ್ನು ಹಿಡಿದರೆ 0.80. ಕಾಯಿಲೆಯ ಗೆರೆ ಇರುವುದು 0.90ರಲ್ಲಿ, ಅಷ್ಟು ಅಥವಾ ಕಡಿಮೆ ಇದ್ದರೆ ಕಾಯಿಲೆ. ಮಾರ್ಗಸೂಚಿಗಳು ರೋಗನಿರ್ಣಯಕ್ಕೆ ದೊಡ್ಡದನ್ನೇ ಹಿಡಿಯುತ್ತವೆ, ಚಿಕ್ಕದನ್ನು ಹಿಡಿದ ಅಧ್ಯಯನಗಳೂ ಇವೆ. ಹಾಗಾಗಿ 'ಇಷ್ಟು ಜನರಲ್ಲಿ ಕಾಯಿಲೆ ಇತ್ತು' ಎಂಬ ವಾಕ್ಯ ಕಂಡರೆ ನಾನಂತೂ ಮೊದಲು ಅಳತೆಯ ವಿಧಾನದ ಪ್ಯಾರಾ ಹುಡುಕುತ್ತೇನೆ. ಇನ್ನು 1.40 ದಾಟಿದರೆ ಖುಷಿಪಡಬೇಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇದ್ದವರ ನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿ ಪಟ್ಟಿಗೆ ಬಗ್ಗುವುದಿಲ್ಲ. ಆಗ ಹೆಬ್ಬೆರಳಿನ ಒತ್ತಡ ನೋಡಬೇಕು, ತೋಳಿನೊಂದಿಗಿನ ಅನುಪಾತ 0.70 ಅಥವಾ ಕಡಿಮೆ ಇದ್ದರೆ ಕಾಯಿಲೆ ಇದೆ ಎಂದೇ ಲೆಕ್ಕ.

ಚಿಕಿತ್ಸೆಗೆ ಬಂದರೆ, ಹುಣ್ಣಿಲ್ಲದ, ಮಲಗಿದಾಗ ನೋವಿಲ್ಲದ ಕಾಲಿಗೆ ಔಷಧಿಯ ಜೊತೆ ಮೊದಲ ಚಿಕಿತ್ಸೆ ನಡಿಗೆ. ಬೀಡಿ ಸಿಗರೇಟು ಬಿಡುವುದು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದ ಮಾತ್ರೆ ಇವೆಲ್ಲ ಇದ್ದೇ ಇವೆ. 2012ರ ಕ್ಲೆವರ್ ಅಧ್ಯಯನದಲ್ಲಿ ಆರು ತಿಂಗಳಿಗೆ ಟ್ರೆಡ್‌ಮಿಲ್ ಮೇಲಿನ ಗರಿಷ್ಠ ನಡಿಗೆಯ ಸಮಯ ಮೇಲ್ವಿಚಾರಣೆಯ ವ್ಯಾಯಾಮದವರಲ್ಲಿ 5.8 ನಿಮಿಷ, ಸ್ಟೆಂಟ್ ಹಾಕಿಸಿಕೊಂಡವರಲ್ಲಿ 3.7 ನಿಮಿಷ, ಔಷಧಿ ಮಾತ್ರ ಪಡೆದವರಲ್ಲಿ 1.2 ನಿಮಿಷ ಹೆಚ್ಚಿತು. (ಜೀವನ ಹೇಗಿದೆ ಎಂದು ರೋಗಿಗಳನ್ನೇ ಕೇಳಿದಾಗ ಸ್ಟೆಂಟಿನವರು ಮುಂದಿದ್ದರು, ಅದನ್ನು ಮುಚ್ಚಿಡಬಾರದು.) ಆದರೆ 'ದಿನಾ ವಾಕಿಂಗ್ ಮಾಡಿ' ಎಂದು ಚೀಟಿಯಲ್ಲಿ ಬರೆದರೆ ಅದು ಚಿಕಿತ್ಸೆಯಾಗುವುದಿಲ್ಲ. 3ರಿಂದ 5 ನಿಮಿಷದಲ್ಲಿ ಸಾಕಷ್ಟು ನೋವು ಬರುವಷ್ಟು ವೇಗ, ನೋವು ಪೂರ್ತಿ ಇಳಿಯುವವರೆಗೆ ವಿಶ್ರಾಂತಿ, ಮತ್ತೆ ನಡಿಗೆ. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಮೂರು ಸಲ, ಕನಿಷ್ಠ 12 ವಾರ. ನೋವು ಶುರುವಾಗುವ ಮೊದಲೇ ನಿಲ್ಲುವವರಿಗೆ ಫಲವಿಲ್ಲ. 2021ರ ಲೈಟ್ ಅಧ್ಯಯನದಲ್ಲಿ ನೋವಾಗದ ಹಾಗೆ ಆರಾಮಾಗಿ ನಡೆದವರು, ವ್ಯಾಯಾಮವನ್ನೇ ಹೇಳಿಕೊಡದ ಗುಂಪಿಗಿಂತ ಮುಂದೆ ಹೋಗಲಿಲ್ಲ.

ಹುಣ್ಣು, ಗ್ಯಾಂಗ್ರಿನ್, ರಾತ್ರಿ ಕಾಲು ಮಂಚದಿಂದ ಇಳಿಬಿಟ್ಟರೆ ಮಾತ್ರ ತಗ್ಗುವ ನೋವು ಇದ್ದರೆ ನಡಿಗೆಯ ಮಾತಾಡಬೇಡಿ, ಆ ಕಾಲಿಗೆ ಬೇಗ ರಕ್ತ ತಲುಪಿಸಬೇಕು. ನಾಳದೊಳಗೆ ಬಲೂನು ಉಬ್ಬಿಸಿ ಹಿಗ್ಗಿಸುವುದೋ, ಸಾಧ್ಯವಾದರೆ ರೋಗಿಯದೇ ಅಭಿಧಮನಿ (ಹೃದಯಕ್ಕೆ ರಕ್ತ ಮರಳಿಸುವ ನಾಳ) ಬಳಸಿ ಕಟ್ಟಿದ ಜಾಗ ಸುತ್ತಿ ಹೋಗುವ ದಾರಿ ಹೊಲಿಯುವ ಬೈಪಾಸೋ? 2022ರ ಬೆಸ್ಟ್-ಸಿಎಲ್‌ಐ ಅಧ್ಯಯನ ಬೈಪಾಸ್ ಕಡೆಗೆ ವಾಲಿತು: ಕಾಲಿನ ಒಳ್ಳೆಯ ಅಭಿಧಮನಿ ಲಭ್ಯವಿದ್ದವರಲ್ಲಿ ದೊಡ್ಡ ಮರುಚಿಕಿತ್ಸೆ, ಕಾಲು ಕಳೆದುಕೊಳ್ಳುವುದು, ಸಾವು ಸೇರಿ ಬೈಪಾಸಿನವರಲ್ಲಿ ಶೇ. 42.6, ಬಲೂನ್-ಸ್ಟೆಂಟಿನವರಲ್ಲಿ ಶೇ. 57.4. ಮರುವರ್ಷ 345 ಜನರ ಬೇಸಿಲ್-2 ಅಧ್ಯಯನ ತಿರುಗುಬಾಣವಾಯಿತು: ಕಾಲು ಹೋಗುವುದು ಇಲ್ಲವೇ ಸಾವು, ಬೈಪಾಸಿನಲ್ಲಿ ಶೇ. 63, ಬಲೂನಿನಲ್ಲಿ ಶೇ. 53. ಎರಡೂ ಪಕ್ಷದವರು ತಮ್ಮ ಅಧ್ಯಯನವನ್ನೇ ಬೀಸುತ್ತಿದ್ದಾರೆ, ಅಳೆದದ್ದು ಮಾತ್ರ ಬೇರೆ ಬೇರೆ. ಬೇಸಿಲ್-2 ಮರುಚಿಕಿತ್ಸೆಯನ್ನು ಮುಖ್ಯ ಅಳತೆಗೆ ಸೇರಿಸಲಿಲ್ಲ, ಅದರ ರೋಗಿಗಳಿಗೆ ಮೊಣಕಾಲಿನ ಕೆಳಗಿನ ನಾಳಕ್ಕೇ ಚಿಕಿತ್ಸೆ ಬೇಕಿತ್ತು, ಅಂತರ ಬಂದದ್ದು ಬಹುಮಟ್ಟಿಗೆ ಸಾವುಗಳಿಂದ. ಬೆಸ್ಟ್-ಸಿಎಲ್‌ಐನಲ್ಲೂ ಅಂಥ ಅಭಿಧಮನಿ ಇಲ್ಲದವರ ಗುಂಪಿನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ.

ಆದ್ದರಿಂದ 'ಯಾವುದು ಒಳ್ಳೆಯದು' ಎಂದು ಕೇಳುವ ಮೊದಲು 'ಅಭಿಧಮನಿಯ ಅಲ್ಟ್ರಾಸೌಂಡ್ ಮಾಡಿದ್ದೀರಾ, ಎಷ್ಟು ಮಿಲಿಮೀಟರ್ ಅಗಲ ಇದೆ' ಎಂದು ಕೇಳಿ. 3 ಮಿಮೀ ಮತ್ತು ಹೆಚ್ಚಿದ್ದರೆ ಸಾಮಾನ್ಯವಾಗಿ ಬೈಪಾಸಿಗೆ ಆದೀತು. ಅದನ್ನು ನೋಡದೆ ನೇರ ಬಲೂನಿಗೆ ತಾರೀಖು ಕೊಟ್ಟರೆ, ಎರಡನೇ ಅಭಿಪ್ರಾಯ ಕೇಳಲು ಅದೊಂದೇ ಕಾರಣ ಸಾಕು.