ನಮ್ಮ ಪಾರ್ಕಿಗೆ ನೀರಾಟ ಬೇಕು, ಆದರೆ ಯಾವ ನೀರಾಟ?

ಮೊನ್ನೆ ಸಂಜೆ ನಮ್ಮ ಬಡಾವಣೆ ಪಾರ್ಕಿನ ಗೇಟಿಗೆ ಒಂದು ಹಾಳೆ ಅಂಟಿಸಿದ್ದರು. ಪಾರ್ಕ್ ಹೊಸದು ಮಾಡ್ತೀವಿ, ಮಕ್ಕಳಿಗೆ ನೀರಾಟದ ಜಾಗ ಮಾಡೋ ಯೋಚನೆಯೂ ಇದೆ, ನಿಮ್ಮ ಅಭಿಪ್ರಾಯ ಬರೆದು ಕೊಡಿ ಅಂತ. ಅವತ್ತಿನಿಂದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬರೀ ಇದೇ ಜಗಳ. "ಕೋಲಾರದಲ್ಲಿ ಕುಡಿಯೋಕೇ ನೀರಿಲ್ಲ, ಇವರಿಗೆ ನೀರಾಟ ಬೇರೆ ಕೇಡು" ಅಂತ ಒಬ್ಬರು ಬರೆದರು. ಅದಕ್ಕೆ ಮೂವತ್ತು ಜನ ಹೂಂ ಅಂದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ನಲ್ಲಿ ಯಾವಾಗ ಬಿಡ್ತಾರೋ ಅಂತ ರಾತ್ರಿ ಎದ್ದು ಕಾದು, ಡ್ರಮ್ಮು ಬಿಂದಿಗೆ ತುಂಬಿಸಿಟ್ಟುಕೊಂಡು, ಟ್ಯಾಂಕರ್‌ನವರಿಗೆ ಫೋನ್ ಮೇಲೆ ಫೋನ್ ಮಾಡಿ ಬದುಕಿದ ಊರು ಇದು. ಸಾವಿರ ಅಡಿ ಕೊರೆಸಿದರೂ ಬರೀ ಧೂಳು ಎದ್ದ ಬೋರ್‌ವೆಲ್ ಕಥೆ ನಮ್ಮಲ್ಲಿ ಯಾರ ಮನೆಯಲ್ಲಿಲ್ಲ ಹೇಳಿ.

ಆದರೂ ನಾನು ನೀರಾಟ ಬೇಕು ಅನ್ನುವ ಕಡೆ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ಪಾರ್ಕಿನ ಗೇಟಿನ ಪಕ್ಕ ಒಂದು ನಲ್ಲಿ ಇದೆಯಲ್ಲ, ವಾಷರ್ ಹೋಗಿ ಸೋರುತ್ತಲೇ ಇರುತ್ತದೆ. ಕಳೆದ ಭಾನುವಾರ ಅಲ್ಲಿ ಮೂರು ಹುಡುಗಿಯರು ಕೂತಿದ್ದರು. ದೊಡ್ಡವಳಿಗೆ ಎಂಟು ವರ್ಷ ಇರಬಹುದು. ತೊಟ್ಟಿಕ್ಕುವ ಹನಿಯ ಕೆಳಗೆ ಹೊಂಗೆ ಎಲೆ ಇಟ್ಟಿದ್ದರು. ಎಲೆಯ ತುದಿಯಿಂದ ಜಾರಿದ ನೀರು ಮಣ್ಣಿನಲ್ಲಿ ಬೆರಳಲ್ಲಿ ಗೀರಿದ ಕಾಲುವೆಗೆ ಹೋಗಬೇಕು, ಅಲ್ಲಿಂದ ಒಂದು ಬಾಟಲಿ ಮುಚ್ಚಳಕ್ಕೆ. ಅದು ಅವರ ಕೆರೆ. ಚಿಕ್ಕವಳು ಕಲ್ಲಿಟ್ಟು ಕಟ್ಟೆ ಕಟ್ಟುತ್ತಿದ್ದಳು, ನೀರು ಪಕ್ಕದಿಂದ ನುಸುಳಿದಾಗಲೆಲ್ಲ ಕಿರುಚಿಕೊಂಡು ಒದ್ದೆ ಮಣ್ಣು ಒತ್ತುತ್ತಿದ್ದಳು. ಮುಕ್ಕಾಲು ಗಂಟೆ ನೋಡುತ್ತಾ ನಿಂತಿದ್ದೆ. ಅಷ್ಟು ಹೊತ್ತಿಗೆ ಸೋರಿದ ನೀರು ಹೆಚ್ಚೆಂದರೆ ಎರಡು ಚೊಂಬು. ಜೋಕಾಲಿ ಖಾಲಿ ಇತ್ತು, ಒಬ್ಬಳೂ ಆ ಕಡೆ ತಿರುಗಿ ನೋಡಲಿಲ್ಲ.

ನಮ್ಮೂರ ಪಕ್ಕದ ಅಂತರಗಂಗೆ ಬೆಟ್ಟಕ್ಕೆ ಹೋದಾಗಲೂ ಇದನ್ನೇ ನೋಡಿದ್ದೀನಿ. ಅಲ್ಲಿ ಕಲ್ಲಿನ ಬಸವನ ಬಾಯಿಂದ ಬರುವುದು ಸಣ್ಣ ಧಾರೆ ತಾನೇ. ಆದರೂ ಮೆಟ್ಟಿಲು ಹತ್ತಿ ಸುಸ್ತಾದ ಮಕ್ಕಳು ಅದಕ್ಕೆ ಕೈಯೊಡ್ಡಿ ನಿಂತರೆ ಎಳೆದುಕೊಂಡು ಬರಬೇಕು. ಮಕ್ಕಳಿಗೆ ಬೇಕಿರುವುದು ಜಾಸ್ತಿ ನೀರಲ್ಲ. ಅವರ ಕೈಗೆ ಸಿಗುವ ನೀರು.

ಅದು ಊರೊಳಗೆ ಸಿಗದಿದ್ದರೆ ಎಲ್ಲಿಗೆ ಹೋಗ್ತಾರೆ ಅನ್ನೋದು ನಮಗೆಲ್ಲ ಗೊತ್ತು. ಕೃಷಿ ಹೊಂಡಕ್ಕೆ, ಹಳೇ ಕಲ್ಲು ಕ್ವಾರಿಗೆ. ಪ್ರತಿ ಬೇಸಿಗೆ ರಜೆಯಲ್ಲಿ ಪೇಪರ್ ತೆಗೆದರೆ ಅಂಥ ಸುದ್ದಿ ಕಣ್ಣಿಗೆ ಬೀಳುತ್ತದೆ, ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಗುತ್ತದೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಮೇಲೆ ಪಾಚಿ ಕಟ್ಟಿರುತ್ತದೆ. ಕಾಲಿಟ್ಟರೆ ಜಾರುತ್ತದೆ, ಹತ್ತೋಣ ಅಂದರೆ ಹಿಡಿಯೋಕೆ ಏನೂ ಸಿಗುವುದಿಲ್ಲ. ಈಜು ಬರುವವರೇ ಒದ್ದಾಡುವ ಜಾಗ. ನಮ್ಮ ಕಾಲದಲ್ಲಿ ಬಾವಿಗೆ ಮೆಟ್ಟಿಲಿತ್ತು, ಸೊಂಟಕ್ಕೆ ಹಗ್ಗ ಕಟ್ಟಿ ಈಜು ಕಲಿಸುವ ಮಾವ ಇದ್ದರು. ಈಗಿನ ಮಕ್ಕಳಿಗೆ ಎರಡೂ ಇಲ್ಲ. ಹಾಗಾಗಿ ನೀರು ನಿಲ್ಲದ, ಮುಳುಗುವ ಭಯವೇ ಇಲ್ಲದ ಒಂದು ಜಾಗ ಮನೆ ಹತ್ತಿರ ಇರಲಿ ಅನ್ನುವುದು ದುಂದು ಅಂತ ನನಗೆ ಅನ್ನಿಸುವುದಿಲ್ಲ.

ಈಗ ಯಾವ ಥರದ್ದು ಅನ್ನುವ ಮಾತಿಗೆ ಬರ್ತೀನಿ. ನನ್ನ ತಕರಾರು ಇರುವುದು ಇಲ್ಲೇ.

ಗುಂಪಿನಲ್ಲಿ ಯಾರೋ ಫೋಟೋ ಹಾಕಿದ್ದರು. ನೆಲದಿಂದ ಚಿಮ್ಮುವ ಕಾರಂಜಿ, ತಲೆ ಮೇಲೆ ಕವುಚಿಕೊಳ್ಳುವ ಬಕೆಟ್ಟು, ಬಣ್ಣದ ಲೈಟು. ನೋಡೋಕೆ ಚೆನ್ನಾಗಿದೆ. ಒಂದು ಬಾಯಿಂದ ನಿಮಿಷಕ್ಕೆ 15 ಲೀಟರ್ ಅಂತ ಇಟ್ಟುಕೊಳ್ಳಿ. ಹತ್ತು ಬಾಯಿ ಇದ್ದರೆ ಗಂಟೆಗೆ 9,000 ಲೀಟರ್. ಸಂಜೆ ಎರಡು ಗಂಟೆ ಬಿಟ್ಟರೆ 18,000. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಮೂರೂವರೆ ಲೋಡಿಗಿಂತ ಜಾಸ್ತಿ. ಇದನ್ನು ಮೋರಿಗೆ ಬಿಡ್ತೀವಿ ಅಂದರೆ ನಾನೇ ಮೊದಲು ಹೋಗಿ ಗೇಟಿನ ಮುಂದೆ ಕೂರ್ತೀನಿ.

ಅದೇ ನೀರನ್ನು ತಿರುಗಿಸಿ ಬಳಸಬಹುದಲ್ಲ ಅನ್ನುತ್ತಾರೆ. ಬಳಸಬಹುದು. ಆದರೆ ಹತ್ತಾರು ಮಕ್ಕಳ ಮೈ ಮೇಲೆ ಬಿದ್ದ ನೀರು ಅದು, ಆಡುವಾಗ ಅರ್ಧ ಗುಟುಕು ಬಾಯಿಗೂ ಹೋಗುತ್ತದೆ. ಫಿಲ್ಟರ್ ಬೇಕು, ಕ್ಲೋರಿನ್ ಬೇಕು, ಅದು ಸರಿಯಾಗಿದೆಯಾ ಅಂತ ದಿನಾ ನೋಡಬೇಕು. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ರೋಗಾಣು ಕ್ಲೋರಿನ್‌ಗೂ ಅಷ್ಟು ಬೇಗ ಸಾಯುವುದಿಲ್ಲ, ಅದಕ್ಕೆ ಯುವಿ (ಅತಿನೇರಳೆ) ದೀಪ ಬೇಕು. ಇದನ್ನೆಲ್ಲ ನಮ್ಮ ಪಾರ್ಕಿನಲ್ಲಿ ಯಾರು ನೋಡಿಕೊಳ್ತಾರೆ? ಹಳೇ ಕಾರಂಜಿಯ ಗತಿ ಏನಾಯ್ತು ಅಂತ ನೋಡಿದ್ದೇವೆ. ಉದ್ಘಾಟನೆ ಆದ ಮೇಲೆ ಮೊದಲು ಮೋಟಾರ್ ಸುಟ್ಟಿತು, ಆಮೇಲೆ ನೀರು ನಿಂತಿತು. ಈಗ ತೊಟ್ಟಿ ತುಂಬ ಕುರ್‌ಕುರೆ ಕವರು. ನಮ್ಮ ಬೋರ್ ನೀರಿನ ಗಡಸು ಬೇರೆ. ನಮ್ಮ ಮನೆ ಶವರ್‌ನ ತೂತುಗಳು ಆರು ತಿಂಗಳಿಗೆ ಬಿಳಿ ಸುಣ್ಣ ಕಟ್ಟಿ ಮುಚ್ಚಿ ಹೋಗುತ್ತವೆ. ಸೂಜಿ ತಗೊಂಡು ಒಂದೊಂದೇ ಚುಚ್ಚಿ ಬಿಡಿಸ್ತೀನಿ. ಕಾರಂಜಿಯ ತೂತುಗಳನ್ನು ಚುಚ್ಚುವವರು ಯಾರು?

ಯರಗೋಳ್ ಅಣೆಕಟ್ಟಿನ ನೀರು ಇದೆಯಲ್ಲ ಅಂದರು ಇನ್ನೊಬ್ಬರು. ಅದು ಕುಡಿಯೋ ನೀರು. ಕೋಲಾರ, ಬಂಗಾರಪೇಟೆ, ಮಾಲೂರು ಮೂರೂ ಊರು ಹಂಚಿಕೊಳ್ಳಬೇಕಾದ ನೀರು. 2024ರ ಮಾರ್ಚಲ್ಲಿ ಬೆಂಗಳೂರಿನಲ್ಲೇ ಜಲಮಂಡಳಿ ಕಾರಂಜಿಗೆ, ಕಾರು ತೊಳೆಯೋಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ಕುಡಿಯುವ ನೀರನ್ನು ನಂಬಿ ಕಟ್ಟಿದರೆ ನಮ್ಮದಕ್ಕೂ ಬೀಗ ಬೀಳುವುದು ಮಾರ್ಚಿನಲ್ಲೇ, ಮಕ್ಕಳಿಗೆ ರಜೆ ಸಿಗುವ ಮುಂಚೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುವ ನೀರು ಹಾಕಿ ಅಂತಲೂ ಒಂದು ಸಲಹೆ ಬಂತು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಅದು ಹರಿದು ಬಂದಾಗ ನಾನೂ ನೋಡೋಕೆ ಹೋಗಿದ್ದೆ, ಬತ್ತಿದ ಕೆರೆಯಲ್ಲಿ ನೀರು ನೋಡಿ ಕಣ್ಣು ತುಂಬಿತ್ತು. ಆದರೆ ಅದು ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧ ಮಾಡಿ ಕಳಿಸಿದ್ದು. ಕೆರೆ ತುಂಬಲಿ, ಅಂತರ್ಜಲ ಏರಲಿ. ಮಕ್ಕಳ ಬಾಯಿಗೆ ಮಾತ್ರ ಬೇಡ.

ನಾನು ಬರೆದು ಕೊಡುವುದು ಇಷ್ಟು. ಎರಡು ಸಣ್ಣ ಕೈಪಂಪು ಹಾಕಿ. ಅದರ ಮುಂದೆ ಕಲ್ಲಿನಲ್ಲಿ ಕೊರೆದ ಕಾಲುವೆ, ಮಧ್ಯೆ ಮಧ್ಯೆ ಮಕ್ಕಳೇ ಎತ್ತಿ ಇಳಿಸುವ ಹಲಗೆಯ ತೂಬು, ಒಂದು ಪುಟ್ಟ ಏತ, ತಿರುಗುವ ಒಂದು ಚಕ್ರ, ಕೊನೆಗೆ ಮರಳು. ಕಲ್ಲಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ನೆಲ ಒರಟಾಗಿರಲಿ, ಜಾರಬಾರದು. ನೀರು ಎಲ್ಲೂ ನಿಲ್ಲದೆ ಹರಿದು ಹೊಂಗೆ ಮರಗಳ ಬುಡಕ್ಕೆ ಹೋಗಲಿ. ಗಿಡಕ್ಕೆ ಹೇಗೂ ದಿನಾ ಪೈಪಿನಲ್ಲಿ ಬಿಡ್ತಾರೆ ತಾನೇ, ಆ ನೀರು ಮಕ್ಕಳ ಕೈ ದಾಟಿ ಹೋಗಲಿ. ಮಕ್ಕಳು ಹೊಡೆದರೆ ಒಂದು ಪಂಪಿಗೆ ನಿಮಿಷಕ್ಕೆ 6 ಲೀಟರ್ ಅಂದುಕೊಳ್ಳೋಣ. ಎರಡೂ ಪಂಪು ಎರಡು ಗಂಟೆ ಬಿಡದೆ ಹೊಡೆದರೂ 1,440 ಲೀಟರ್. ಕೈ ನಿಂತರೆ ನೀರೂ ನಿಲ್ಲುತ್ತದೆ. ಕರೆಂಟ್ ಬೇಡ, ಸುಡೋಕೆ ಮೋಟಾರೂ ಇಲ್ಲ. ವಾಷರ್ ಹೋದರೆ ಮೂಲೆ ಅಂಗಡಿಯಲ್ಲಿ ಸಿಗುತ್ತದೆ.

ನೀರು ಮಳೆಯದ್ದು. ನಮ್ಮಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಬೀಳುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಸೂರಿನ ಮೇಲೆ 70,000 ಲೀಟರ್ ಬಿದ್ದ ಹಾಗೆ. ಸೋರಿದ್ದು, ಆವಿಯಾದದ್ದು ಕಳೆದರೂ 50,000 ಸಿಗುತ್ತದೆ. ಮಳೆ ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಆಟ ಬೇಕಿರುವುದು ಏಪ್ರಿಲ್‌ನಲ್ಲಿ, ಹಾಗಾಗಿ ನೆಲದಡಿ ಮುಚ್ಚಿದ ದೊಡ್ಡ ಸಂಪು ಬೇಕೇ ಬೇಕು. ದುಡ್ಡು ಹಾಕುವುದಾದರೆ ಅದಕ್ಕೆ ಹಾಕಿ. ಫಿಲ್ಟರ್ ದಾಟಿಸಿ, ಕ್ಲೋರಿನ್ ಹಾಕಿ ಇಟ್ಟರೆ ರಜೆಯ ಒಂದು ತಿಂಗಳು ಯಾರ ಕುಡಿಯುವ ನೀರನ್ನೂ ಮುಟ್ಟದೆ ನಡೆಯುತ್ತದೆ.

ಇನ್ನೊಂದು ಮಾತು. ಅಭಿಪ್ರಾಯ ಕೇಳುವ ಸಭೆಯನ್ನು ಬುಧವಾರ ಬೆಳಗ್ಗೆ 11 ಗಂಟೆಗೆ ಇಟ್ಟಿದ್ದಾರೆ. ಆ ಹೊತ್ತಿಗೆ ಮಕ್ಕಳು ಸ್ಕೂಲಲ್ಲಿ, ಅಮ್ಮಂದಿರು ಕೆಲಸದಲ್ಲಿ. ಬರುವುದು ವಾಕಿಂಗ್ ಮಾಡುವ ಹಿರಿಯರು ಮಾತ್ರ. ಅವರ ಮಾತೂ ಬೇಕು, ಬೇಡ ಅನ್ನಲ್ಲ. ಆದರೆ ಆಡುವವರನ್ನು ಕೇಳದೆ ಆಟದ ಜಾಗ ಮಾಡೋದು ಹೇಗೆ? ಅದಕ್ಕೇ ಈ ಭಾನುವಾರ ಸಂಜೆ 5 ಗಂಟೆಗೆ ಹಾಳೆ, ಪೆನ್ಸಿಲ್ ತಗೊಂಡು ಅದೇ ಗೇಟಿನ ಹತ್ತಿರ ಕೂರ್ತೀನಿ. ನಿಮ್ಮ ಮಕ್ಕಳನ್ನು ಕಳಿಸಿ. ಬರೆಯೋಕೆ ಬರದವರು ಚಿತ್ರ ಬಿಡಿಸಲಿ. ಎಲ್ಲವನ್ನೂ ಸೇರಿಸಿ ಬುಧವಾರ ಸಭೆಯಲ್ಲಿ ಕೊಡ್ತೀನಿ.

ಮುಚ್ಚಳದ ಕೆರೆ ಕಟ್ಟಿದ್ದ ಆ ಚಿಕ್ಕವಳಿಗೆ ನಿನ್ನೆ ಕೈಪಂಪಿನ ವಿಷಯ ಹೇಳಿದೆ. ಅವಳು ಕೇಳಿದ್ದು ಒಂದೇ, "ಹಿಡಿ ನಂಗೆ ಎಟಕತ್ತಾ ಅಂಕಲ್?" ಅವಳ ಭುಜಕ್ಕೆ ಟೇಪು ಹಿಡಿದು ಅಳೆದೆ. ಎರಡೂಕಾಲು ಅಡಿ. ನನ್ನ ಅರ್ಜಿಯಲ್ಲಿ ಮೊದಲ ಸಾಲಿಗೆ ಅದನ್ನೇ ಬರೆದಿದ್ದೀನಿ.